ಎಡಕ್ಕೆ ವಾಲಿದ ಮುಳ್ಳು

"ಅಪ್ಪಾರ, ದಿನದಿಂದ ದಿನಕ್ಕ ಕೆಡೂ ಮನಷಾ ಮಠದಾಗ ಇರಬಹುದೇನ್ರಿ?" ಎಂದು ಈರಸಂಗಪ್ಪ ಗುರುಗಳನ್ನು ಕೇಳಿದ.

ಗುರುಗಳು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಯಾರಪ್ಪಾ ಅಂವಾ?"

"ನಾನಾ ರೀ. ಇಲ್ಲಿಗೆ ಬರೂ ಮುಂಚೆ ನನಗ ಸಿಟ್ಟು ಅನ್ನೂದಾ ಗೊತ್ತಿರಲಿಲ್ಲ. ಕೈಮಗ್ಗದ ಸಂಘದಾಗ ನೌಕರಿ ಮುಗಿಯೂ ತನಕಾ ಒಬ್ಬರ ಮ್ಯಾಲೂ ದನಿ ಎತ್ತಿದಾಂವ ಅಲ್ಲ. ನೀವು ಹೇಳಿದ್ರಿ, ಮುಂಜಾನೆದ್ದು ಒಂದು ತಾಸು ಸುಮ್ಮನ ಕುಂತು ಮನಸನ್ನ ನೋಡ್ಕೋ ಅಂತ. ಕುಂತೆ. ಆವತ್ತಿನಿಂದ ಹಿಡದು ನೋಡಿದಲ್ಲೆಲ್ಲಾ ಸಿಟ್ಟಾ ಕಾಣತೈತಿ. ಪಂಕ್ತಿಯೊಳಗ ಎರಡನೇ ಸಲ ಸಾರು ಕೇಳಿದಾಂವನ ಮ್ಯಾಲೆ ಸಿಟ್ಟು. ಗಂಟೀ ತಡಾ ಮಾಡಿ ಹೊಡದಾಂವನ ಮ್ಯಾಲೆ ಸಿಟ್ಟು. ನಡುವ ಜ್ವರಾ ಬಂದು ಮಲಗಿದ್ನಲ್ಲ, ಆವಾಗ ಕುಂಡ್ರಲಿಲ್ಲ. ಮನಸು ತಿಳಿನೀರಾಗಿತ್ತು ನೋಡ್ರಿ. ಜ್ವರಾ ಬಿಟ್ಟು ಮತ್ತ ಕುಂತೆ, ಮತ್ತ ಶುರುವಾತು. ಕುಂತ್ರ ಕೆಡತೀನಿ, ಬಿಟ್ರ ಛಲೋ ಇರತೀನಿ. ನನಗಂತೂ ಏನೂ ತಿಳೀವಲ್ದು. ನಾಳೆ ಮುಂಜಾನೆ ಬಸ್ಸಿಗೆ ಊರಿಗೆ ಹೊಂಟೀನಿ. ಅಪ್ಪಣಿ ಕೊಡ್ರಿ."

"ಹೋಗೀಯಂತ. ಬಸ್ಸು ನಾಳೆ ಮುಂಜಾನೆ ಐತೆಲ್ಲ? ಅಲ್ಲೀತನಾ ಒಂದು ಕತಿ ಕೇಳು. ಮೋಟಾರ್ ಸೈಕಲ್ಲಿನ ಕತಿ."

"ಮೋಟಾರ್ ಸೈಕಲ್ಲಿಂದಾ?"

"ಪುರಾಣದಾಗ ಮೋಟಾರ್ ಸೈಕಲ್ ಇಲ್ಲಂತ ನನಗೂ ಗೊತ್ತೈತಿ. ಕುಂಡ್ರು, ಈ ಕಾಯಿ ಸುಲಿ" ಎಂದು ಗುರುಗಳು ಒಂದು ಬೊಗಸೆ ಅವರೆಕಾಯಿಯನ್ನು ಅವನ ಮುಂದೆ ಸುರಿದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯನೇ. ಆದರೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಗಾಣದವನು ತೂಕ ಇಷ್ಟಿದೆ ಎಂದರೆ ನಂಬುತ್ತಿರಲಿಲ್ಲ, ಕೊಳ್ಳುವವನು ಕಡಿಮೆ ಬಿತ್ತು ಎಂದರೂ ನಂಬುತ್ತಿರಲಿಲ್ಲ. ಬೆಲ್ಲದ ಪೆಂಟೆಯನ್ನು ತಕ್ಕಡಿಗೆ ಹಾಕಿ ಮುಳ್ಳು ನೋಡುತ್ತಿದ್ದ. ಮುಳ್ಳು ಎಲ್ಲಿ ನಿಂತಿತೋ ಅಲ್ಲಿಗೆ ಮಾತು ಮುಗಿಯಿತು. "ಮನಷಾ ಸುಳ್ಳು ಹೇಳತಾನ, ಮುಳ್ಳು ಸುಳ್ಳು ಹೇಳೂದಿಲ್ಲ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೆಂಡತಿ ಹೋಳಿಗೆ ಬಡಿಸಿ ಹೇಗಿದೆ ಎಂದು ಕೇಳಿದರೆ, ಬೆಲ್ಲ ಎಷ್ಟು ತೂಗಿ ಹಾಕಿದ್ದೀ ಎಂದು ಕೇಳಿ ಆಮೇಲೆ ಸಿಹಿಯಾಗಿದೆ ಎನ್ನುವ ಆಸಾಮಿ.

ಅವನ ಮಾವ ದನಗಳ ಡಾಕ್ಟರಾಗಿದ್ದರು. ಅವರು ಹಳ್ಳಿ ಹಳ್ಳಿ ತಿರುಗುತ್ತಿದ್ದುದು ಇಂಗ್ಲೆಂಡಿನಲ್ಲಿ ತಯಾರಾದ ಒಂದು ಮೋಟಾರ್ ಸೈಕಲ್ಲಿನ ಮೇಲೆ. ಮಾವ ತೀರಿಕೊಂಡ ಮೇಲೆ ಗಾಡಿ ಅಳಿಯನ ಗೋದಾಮಿಗೆ ಬಂದು ಗೋಣಿಚೀಲಗಳ ಕೆಳಗೆ ಬಿದ್ದಿತ್ತು. ಅದನ್ನು ಯಾರೂ ಮಾರಲಿಲ್ಲ, ಯಾರೂ ಓಡಿಸಲಿಲ್ಲ.

ಒಂದು ಸಲ ವ್ಯಾಪಾರಿಯ ಹೆಂಡತಿ ತವರಿಗೆ ಹೋಗಿ ಬಂದವಳು ಊಟಕ್ಕೆ ಕೂರಲಿಲ್ಲ. ಏನೆಂದು ಕೇಳಿದರೆ, ಅವಳ ತಾಯಿಯ ಕಣ್ಣು ಮಂಜಾಗುತ್ತಿದೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಇರುತ್ತದೋ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ.

"ಅಪ್ಪ ಹಳ್ಳಿ ತಿರುಗಿ ಬರೂ ಹೊತ್ತಿಗೆ ಕೆರೀ ಏರಿ ಮ್ಯಾಲೆ ಗಾಡಿ ದೀಪಾ ಕಾಣತಿತ್ತು. ಅವ್ವ ದಿನಾ ಕಟ್ಟೀ ಮ್ಯಾಲೆ ಕುಂತು ಅದನ್ನ ಕಾಯತಿದ್ಲು. ಅದೊಂದು ದೀಪಾ ಆಕಿಗೆ ಇನ್ನೊಮ್ಮೆ ತೋರಸೂಣು ರೀ. ಆಮ್ಯಾಲೆ ಕಣ್ಣು ಏನಾಗತಾವೋ ಆಗಲಿ" ಎಂದಳು ಅವಳು.

ವ್ಯಾಪಾರಿಗೆ ಹೆಂಡತಿಯೆಂದರೆ ಜೀವ. ಮರುದಿನವೇ ಗಾಡಿಯನ್ನು ಹೊರಗೆ ತೆಗೆಸಿದ. ತುಕ್ಕು ಹೋಯಿತು, ಬಣ್ಣ ಬಂತು, ಎಂಜಿನ್ನು ಉಸಿರಾಡಿತು. ಎಲ್ಲ ಸರಿಯಾಯಿತು, ದೀಪವೊಂದು ಬಿಟ್ಟು. ಅದು ಬೀಡಿಯ ತುದಿಯಷ್ಟು ಕೆಂಪಗೆ ಉರಿಯುತ್ತಿತ್ತು. ಒಳ್ಳೆಯ ಕಣ್ಣಿನವರಿಗೇ ಅಂಗಳದಾಚೆ ಕಾಣುತ್ತಿರಲಿಲ್ಲ. ಇನ್ನು ಮಂಜುಗಣ್ಣಿನ ಮುದುಕಿಗೆ ಕೆರೆ ಏರಿಯಿಂದ ಹೇಗೆ ಕಂಡೀತು?

ಆ ಊರಿನಲ್ಲಿ ಹಳೆಯ ಗಾಡಿಗಳನ್ನು ಬಲ್ಲ ಒಬ್ಬ ಮೆಕ್ಯಾನಿಕ್ ಇದ್ದ. ಅವನು ನೋಡಿ ಹೇಳಿದ: "ಹಳೇ ಡೈನಮೋದಾಗ ಜೀವಾ ಇಲ್ಲ ಸಾವ್ಕಾರ. ಮ್ಯಾಲಿನ ಮೈ ಹಂಗಾ ಇರಲಿ, ಒಳಗಿಂದು ತಗದು ಹೊಸಾದು ಹಾಕೂಣು. ಆರು ವೋಲ್ಟಿನ ಗಾಡಿ ಹನ್ನೆರಡು ವೋಲ್ಟ್ ಆಗತೈತಿ. ಬ್ಯಾಟರಿನೂ ಹೊಸಾದು. ದೀಪಾ ಹಗಲು ಬಿದ್ದಂಗ ಬೀಳತೈತಿ."

ವ್ಯಾಪಾರಿ ಒಪ್ಪಿದ. ಒಂದೇ ಒಂದು ಷರತ್ತು ಹಾಕಿದ. ದೀಪದ ಬುರುಡೆಯ ಮೇಲೆ ಒಂದು ಪುಟ್ಟ ದುಂಡು ಮೀಟರ್ ಇತ್ತು. ಬ್ಯಾಟರಿಗೆ ಕರೆಂಟು ತುಂಬುತ್ತಿದ್ದರೆ ಅದರ ಮುಳ್ಳು ಬಲಕ್ಕೆ, ಪ್ಲಸ್ ಕಡೆಗೆ ಹೋಗುತ್ತದೆ. ಬ್ಯಾಟರಿಯಿಂದ ಕರೆಂಟು ಖರ್ಚಾಗುತ್ತಿದ್ದರೆ ಎಡಕ್ಕೆ, ಮೈನಸ್ ಕಡೆಗೆ. ಎರಡೂ ಇಲ್ಲದಿದ್ದರೆ ನಡುವೆ ನಿಲ್ಲುತ್ತದೆ. ಇಡೀ ಗಾಡಿಯಲ್ಲಿ ವ್ಯಾಪಾರಿಗೆ ಬಹಳ ಹಿಡಿಸಿದ್ದು ಅದೇ. ಹೇಳಿಕೇಳಿ ಅದರೊಳಗೆ ಒಂದು ಮುಳ್ಳಿತ್ತಲ್ಲ. ಅದನ್ನು ಯಾರೂ ಮುಟ್ಟಕೂಡದು ಎಂದ.

ಕೆಲಸ ಮುಗಿಯಿತು. ಮೆಕ್ಯಾನಿಕ್ ಕಿಕ್ಕು ಹೊಡೆದು ದೀಪ ಹಾಕಿದ. ಗೋದಾಮಿನ ಗೋಡೆಯ ಮೇಲೆ ಬೆಳ್ಳಗಿನ ಬೆಳಕು ಬಿತ್ತು. ಹೆಂಡತಿ ಚಪ್ಪಾಳೆ ತಟ್ಟಿದಳು. ವ್ಯಾಪಾರಿ ಗೋಡೆಯನ್ನು ನೋಡಲಿಲ್ಲ, ಮುಳ್ಳನ್ನು ನೋಡಿದ. ಅದು ಎಡಕ್ಕೆ ವಾಲಿತ್ತು.

"ಖರ್ಚಾಗಾಕತ್ತೈತಿ" ಎಂದ.

ಮೆಕ್ಯಾನಿಕ್ ಎಂಜಿನ್ನು ನಿಲ್ಲಿಸಿದ. ದೀಪ ಉರಿಯುತ್ತಲೇ ಇತ್ತು. ಈಗ ಮುಳ್ಳು ಬಲಕ್ಕೆ ಹೋಯಿತು. ಮತ್ತೆ ಎಂಜಿನ್ನು ಹಚ್ಚಿದ, ಮತ್ತೆ ಎಡಕ್ಕೆ ಬಂತು. ಗಾಡಿ ನಿಂತರೆ ಜಮೆ, ಓಡಿದರೆ ಖರ್ಚು. ಇದೆಂಥ ಗಾಡಿ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡರು.

ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ. ಮುಳ್ಳು ಎಡಕ್ಕೇ ಹೋಯಿತು. ಕರೆಂಟನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರ್ ಬದಲಿಸಿದ. ಎಡಕ್ಕೇ ಹೋಯಿತು. ಮೀಟರಿನವನ್ನು ಬಿಟ್ಟು ಉಳಿದ ಹಳೆಯ ತಂತಿಗಳನ್ನೆಲ್ಲ ಕಿತ್ತು ದಪ್ಪ ತಂತಿ ಎಳೆದ. ಆಗ ಮುಳ್ಳು ಇನ್ನೂ ಎಡಕ್ಕೆ ಹೋಗಿ ಮೂಲೆ ಹಿಡಿಯಿತು. ಬ್ಯಾಟರಿಯನ್ನು ಬಿಚ್ಚಿ ಪರೀಕ್ಷೆ ಮಾಡಿದರೆ ಅದು ಪ್ರತಿ ಸಲವೂ ತುಂಬಿತ್ತು.

"ಬ್ಯಾಟರಿ ತುಂಬೈತಿ, ಮುಳ್ಳು ಖಾಲಿ ಆಗಾಕತ್ತೈತಿ ಅಂತೈತಿ. ನನಗೂ ತಲಿ ಕೆಟ್ಟೈತಿ ಸಾವ್ಕಾರ. ಆ ಮೀಟರ್ ಒಮ್ಮೆ ಬಿಚ್ಚಿ ನೋಡಲೇನು?"

"ಮುಳ್ಳಿಗೆ ಸುಳ್ಳು ಅಂತೀಯಾ? ಕೆಟ್ಟಿದ್ರ ಅದು ಅತ್ತಾಗ ಇತ್ತಾಗ ಇಷ್ಟು ಚಂದ ಓಡ್ಯಾಡತಿತ್ತಾ? ನಿನ್ನ ಕೈಯಾಗಿನ ಕೆಲಸಾ ಸರಿ ಇಲ್ಲ ಅನ್ನು."

ಮೆಕ್ಯಾನಿಕ್ ತನ್ನ ಪಾನಾ ಇಕ್ಕಳಗಳನ್ನು ಕಟ್ಟಿಕೊಂಡು ಹೊರಟುಹೋದ. ಯಾರಿಗೆ ತಾನೇ ಬೇಸರವಾಗುವುದಿಲ್ಲ?

ಹೆಂಡತಿ ಹೇಳಿ ನೋಡಿದಳು: "ದೀಪಾ ಇಷ್ಟು ಛಲೋ ಉರಿಯಾಕತ್ತೈತಿ. ಹೋಗಿಬಿಡೂಣು ನಡೀರಿ."

"ಈಗ ಉರೀತೈತಿ. ಅರ್ಧಾ ದಾರಿಯೊಳಗ ಖಾಲಿ ಆತಂದ್ರ? ಮುಳ್ಳು ಸರಿ ಆಗಲಿ, ಆಮ್ಯಾಲೆ ಹೋಗೂಣು."

ಹಬ್ಬ ಬಂತು, ಹೋಯಿತು. ತವರಿನಿಂದ ಸುದ್ದಿ ಬರುತ್ತಲೇ ಇತ್ತು. ಮುದುಕಿಗೆ ಈಗ ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ. ಆಮೇಲೆ, ಚಹಾ ಸೋಸಿದರೆ ಕಪ್ಪಿನ ಹೊರಗೆ ಬೀಳುತ್ತದೆ. ಹೆಂಡತಿ ಮೊದಮೊದಲು ದಿನವೂ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳು ಕೇಳುತ್ತಿದ್ದಾಗಲೇ ವಾಸಿಯಾಗಿತ್ತು ಎಂದು ವ್ಯಾಪಾರಿಗೆ ಅನಿಸಿತು.

ಅವನ ಸ್ಥಿತಿ ಹೇಳತೀರದು. ಗೋದಾಮಿನಲ್ಲಿ ಕೂತು ಎಂಜಿನ್ನು ಹಚ್ಚುವುದು, ಆರಿಸುವುದು, ಹಚ್ಚುವುದು, ಆರಿಸುವುದು. ಮುಳ್ಳು ಎಡಕ್ಕೆ, ಬಲಕ್ಕೆ, ಎಡಕ್ಕೆ. ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂತಾಗಲೂ ಯಾವ ಕಡೆ ಬೆಲ್ಲ, ಯಾವ ಕಡೆ ಕಲ್ಲು ಎಂದು ಒಂದು ಕ್ಷಣ ಗಾಬರಿಯಾಗುತ್ತಿತ್ತು. ಒಬ್ಬಳು ಹೆಂಗಸು "ಯಾಕ್ರಿ ಅಣ್ಣಾರ, ಮೈಯಾಗ ಆರಾಮಿಲ್ಲೇನ್ರಿ?" ಎಂದು ಕೇಳಿಯೇ ಬಿಟ್ಟಳು.

ಒಂದು ಮಧ್ಯಾಹ್ನ ಅವನಿಗೆ ಒಂದು ಯೋಚನೆ ಬಂತು. ಖರ್ಚು ಮಾಡುತ್ತಿರುವುದು ಈ ಹೊಸ ಡೈನಮೋ ಇರಬೇಕು. ಅದನ್ನೇ ತೆಗೆದುಬಿಟ್ಟರೆ? ಡೈನಮೋದ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಮಡಚಿಟ್ಟ. ಆ ಕಾಲದ ಗಾಡಿಗಳಲ್ಲಿ ಎಂಜಿನ್ನಿಗೆ ಕಿಡಿ ಕೊಡುವ ಯಂತ್ರವೇ ಬೇರೆ, ಬ್ಯಾಟರಿ ಇರುವುದು ದೀಪಕ್ಕೆ ಮಾತ್ರ. ಹಾಗಾಗಿ ಕಿಕ್ಕು ಹೊಡೆದೊಡನೆ ಎಂಜಿನ್ನು ಹತ್ತಿತು. ದೀಪ ಹಾಕಿದ. ಮುಳ್ಳು ಬಲಕ್ಕೆ ಹೋಗಿ ಅಲ್ಲೇ ನಿಂತಿತು.

ವ್ಯಾಪಾರಿ ಗೋದಾಮಿನಲ್ಲೇ ಕುಣಿದ. "ಜಮಾ ಆಗಾಕತ್ತೈತಿ! ನಡಿ ನಡಿ, ಬ್ಯಾರೆ ಸೀರಿ ಉಟಗೋ, ನಿಮ್ಮವ್ವಗ ಫೋನ್ ಮಾಡು!" ಎಂದು ಕೂಗಿಕೊಂಡು ಮನೆಯೊಳಗೆ ಓಡಿದ.

ಗುರುಗಳು ಇಲ್ಲಿ ಕತೆ ನಿಲ್ಲಿಸಿ ಈರಸಂಗಪ್ಪನನ್ನು ನೋಡಿದರು. ಅವನು ಸುಲಿದ ಕಾಳನ್ನು ಸಿಪ್ಪೆಯ ಗುಡ್ಡೆಗೆ, ಸಿಪ್ಪೆಯನ್ನು ಕಾಳಿನ ಬುಟ್ಟಿಗೆ ಹಾಕುತ್ತಿದ್ದ.

"ಏನಪಾ, ತಿಳೀತಾ?"

"ಇಲ್ರಿ ಅಪ್ಪಾರ. ಕರೆಂಟ್ ಮಾಡೂ ಯಂತ್ರಾನಾ ಬಿಚ್ಚಿಟ್ಟ ಮ್ಯಾಲೆ ಜಮಾ ಹೆಂಗ ಆದೀತು? ನನಗ ಎಲ್ಲಾ ಗೋಜಲಾಗಾಕತ್ತೈತಿ."

"ಆ ಗೋಜಲು ಆ ವ್ಯಾಪಾರಿಗೆ ಆಗಬೇಕಿತ್ತು. ಅಂವಗ ಖುಷಿ ಆಗಿತ್ತಲ್ಲ, ಹಿಂಗಾಗಿ ಆಗಲಿಲ್ಲ. ಮೊದಲು ಆ ಕಾಳು ತಗದು ಇತ್ತಾಗ ಹಾಕು. ಹೇಳತೀನಿ."

ಗುಟ್ಟು ಇಷ್ಟೇ. ಆ ಹಳೆಯ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನು ಗಾಡಿಯ ಮೈಗೆ, ಅಂದರೆ ಕಬ್ಬಿಣದ ಚೌಕಟ್ಟಿಗೆ, ಕಟ್ಟಿದ್ದರು. ಹೊಸ ಯಂತ್ರಕ್ಕೆ ಮೈನಸ್ ತಂತಿಯನ್ನು ಮೈಗೆ ಕಟ್ಟಬೇಕು. ಮೆಕ್ಯಾನಿಕ್ ಹಾಗೆಯೇ ಕಟ್ಟಿದ್ದ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಗೆ ಮೀಟರಿನೊಳಗೆ ಕರೆಂಟು ಹರಿಯುವ ದಿಕ್ಕು ತಿರುಗಿತು. ಮೀಟರಿನ ಹಿಂದಿನ ಎರಡು ತಂತಿಗಳನ್ನೂ ಅದಲುಬದಲು ಮಾಡಬೇಕಿತ್ತು. ಮುಟ್ಟಕೂಡದೆಂದು ಅಪ್ಪಣೆಯಾಗಿತ್ತಲ್ಲ, ಅವನು ಮುಟ್ಟಲಿಲ್ಲ. ಆವತ್ತಿನಿಂದ ಆ ಮುಳ್ಳು ತುಂಬುವುದನ್ನು ಖರ್ಚು ಎಂದು ತೋರಿಸುತ್ತಿತ್ತು, ಖರ್ಚನ್ನು ಜಮೆ ಎಂದು ತೋರಿಸುತ್ತಿತ್ತು. ಮುಳ್ಳು ಕೆಟ್ಟಿರಲಿಲ್ಲ. ಅದು ಹಳೆಯ ಲೆಕ್ಕದಲ್ಲೇ ಮಾತಾಡುತ್ತಿತ್ತು.

ಇತ್ತ ಗಂಡ ಹೆಂಡತಿ ಗಾಡಿ ಹತ್ತಿದರು. ಹೊತ್ತು ಇನ್ನೂ ಇಳಿದಿರಲಿಲ್ಲ. ವ್ಯಾಪಾರಿ ಇನ್ನೊಂದು ಸಂಗತಿಯನ್ನು ಕಂಡುಹಿಡಿದಿದ್ದ. ದೀಪ ಆರಿಸಿದರೆ ಮುಳ್ಳು ನಡುವೆ ನಿಲ್ಲುತ್ತದೆ, ಹಚ್ಚಿದರೆ ಬಲಕ್ಕೆ ಹೋಗುತ್ತದೆ. ಹಾಗಾದರೆ ಹಚ್ಚಿಟ್ಟಷ್ಟೂ ತುಂಬುತ್ತದೆ ಎಂದುಕೊಂಡು ಸುಡುವ ಬಿಸಿಲಿನಲ್ಲಿ ದೀಪ ಹಚ್ಚಿಕೊಂಡೇ ಹೊರಟ. ಎದುರಿಗೆ ಬರುವವರೆಲ್ಲ ಕೈ ಎತ್ತಿ ಮುಷ್ಟಿ ಬಿಚ್ಚಿ ಮುಚ್ಚಿ ಸನ್ನೆ ಮಾಡಿದರು. ನಿನ್ನ ದೀಪ ಹಗಲಲ್ಲಿ ಉರಿಯುತ್ತಿದೆ ಮಾರಾಯ ಎಂದು ಅದರ ಅರ್ಥ. ಹಳೆಯ ಗಾಡಿಯನ್ನು ಕಂಡು ಜನ ಮೆಚ್ಚಿ ಕೈ ಬೀಸುತ್ತಿದ್ದಾರೆ ಎಂದು ಇವನು ಹಲ್ಲು ಕಿರಿದು ತಿರುಗಿ ಕೈ ಬೀಸಿದ.

ಕೆರೆ ಏರಿ ಹತ್ತುವ ಹೊತ್ತಿಗೆ ಕತ್ತಲಾಯಿತು. ದೀಪ ಹಳದಿಯಾಯಿತು, ಆಮೇಲೆ ಕೆಂಪಾಯಿತು. ಮುಳ್ಳು ಮೆಲ್ಲಗೆ ನಡುವಿಗೆ ಜಾರಿತು. ಏರಿಯ ನಟ್ಟನಡುವೆ ದೀಪ ಆರಿಹೋಯಿತು. ಎಂಜಿನ್ನು ಮಾತ್ರ ಡುಗುಡುಗು ಎನ್ನುತ್ತಿತ್ತು. ಹೆಂಡತಿ ಇಳಿದು ಮುಂದೆ ನಡೆದಳು. ಅವಳ ಬಿಳಿಯ ಸೆರಗನ್ನು ನೋಡಿಕೊಂಡು ಅವನು ಕಾಲೂರುತ್ತ ಹಿಂದೆ ಗಾಡಿ ತಂದ.

ಊರಿನಲ್ಲಿ ಕರೆಂಟು ಹೋಗಿತ್ತು. ಮುದುಕಿ ಮಗಳ ಫೋನು ಬಂದಾಗಿನಿಂದ ಕಟ್ಟೆಯ ಮೇಲೆ ಕೂತಿದ್ದಳು. ಗಾಡಿ ಅಂಗಳಕ್ಕೆ ಬಂದು ಸದ್ದು ನಿಂತಿತು. ಅವಳು ಏಳಲಿಲ್ಲ.

"ಏರಿ ಮ್ಯಾಲಿದ್ದಾಗಿಂದ ಸಪ್ಪಳಾ ಕೇಳಿದೆ. ನಿಮ್ಮಪ್ಪನ ಗಾಡೀದಾ ಸಪ್ಪಳಾ. ದೀಪಾ ಮಾತ್ರ ಕಾಣಲಿಲ್ಲ ಮಗಳಾ. ಮುಗೀತು, ನನ್ನ ಕಣ್ಣು ಹೋದೂ" ಎಂದಳು.

"ಇಲ್ಲಬೇ ಅವ್ವಾ, ದೀಪಾನಾ ಇದ್ದಿದ್ದಿಲ್ಲ. ಆರಿತ್ತು."

"ಸಮಾಧಾನ ಮಾಡಬ್ಯಾಡ. ದೀಪಾ ಇಲ್ಲದಾ ಕತ್ತಲಾಗ ಏರಿ ಮ್ಯಾಲೆ ಯಾರಾರ ಗಾಡಿ ತರತಾರೇನು?"

ಮಗಳು ಹೇಳಿದ ನಿಜವೇ ಸುಳ್ಳಿನಂತೆ ಕೇಳುತ್ತಿತ್ತು. ವ್ಯಾಪಾರಿ ಗಾಡಿಯ ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಕಣ್ಣಿರುವ ಮುದುಕಿ ತನಗೆ ಕಣ್ಣಿಲ್ಲವೆಂದು ಕೂತುಬಿಟ್ಟಿದ್ದಾಳೆ, ಅದೂ ತನ್ನಿಂದ. ಅವನಿಗೆ ಆಗ ತಿಳಿದದ್ದು ಒಂದೇ. ಗೋದಾಮಿನ ಗೋಡೆಯ ಮೇಲೆ ಬೆಳ್ಳಗೆ ಬೆಳಕು ಬಿದ್ದದ್ದು ಡೈನಮೋದ ತಂತಿ ಕಟ್ಟಿದ್ದಾಗ. ಖರ್ಚಾದರೆ ಆಗಲಿ, ಗಾಡಿ ಸುಟ್ಟುಹೋದರೂ ಹೋಗಲಿ ಎಂದು ಕತ್ತಲಲ್ಲೇ ತಡಕಾಡಿ ಆ ತಂತಿಯನ್ನು ಮೊದಲಿದ್ದ ಜಾಗಕ್ಕೆ ಸಿಕ್ಕಿಸಿದ. ಗಾಡಿಯ ಮೂತಿಯನ್ನು ಕಟ್ಟೆಯ ಕಡೆ ತಿರುಗಿಸಿದ. ಕಿಕ್ಕು ಹೊಡೆದು ಎಂಜಿನ್ನಿನ ದನಿ ಏರಿಸಿದ.

ದೀಪ ಮೊದಲು ಕೆಂಪಾಯಿತು. ಆಮೇಲೆ ಹಳದಿ. ಆಮೇಲೆ ಬೆಳ್ಳಗೆ ಹೋಗಿ ಮುದುಕಿಯ ಮುಖದ ಮೇಲೆ ಬಿತ್ತು. ಅವಳು ಥಟ್ಟನೆ ಎರಡೂ ಕೈ ಅಡ್ಡ ಹಿಡಿದಳು.

"ಯಾರದು, ಕಣ್ಣಾಗ ಹಿಡೀತೀರಿ! ಅತ್ತಾಗ ತಿರಗಸ್ರೋ, ಕಣ್ಣು ಕುಕ್ಕತಾವು!"

ಮಗಳು ತಾಯಿಯನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು. ವ್ಯಾಪಾರಿ ಅಭ್ಯಾಸ ಬಲದಿಂದ ಮುಳ್ಳನ್ನು ನೋಡಿದ. ಅದು ಎಡಕ್ಕೆ ಹೋಗಿ ಮೂಲೆಗೆ ತಾಗಿತ್ತು. ಅತ್ತೆಯನ್ನು ನೋಡಿದ. ಅವಳು ಕಣ್ಣು ಕಿರಿದು ಮಾಡಿ ಬೈಯುತ್ತಿದ್ದಳು. ಮತ್ತೆ ಮುಳ್ಳು, ಮತ್ತೆ ಅತ್ತೆ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಮುಳ್ಳು ಹೇಳಿದ್ದನ್ನು ಅವನು ನಂಬಲಿಲ್ಲ. ಯಾಕೆಂದು ಅವನಿಗೆ ತಿಳಿಯಲಿಲ್ಲ. ನಂಬದೆ ನಿಂತು ಅವನೂ ಅತ್ತ.

ಗುರುಗಳು ಕತೆ ಮುಗಿಸಿ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆಮ್ಯಾಲೆ ಮುಳ್ಳು ಸರಿ ಮಾಡಿಸಿದ್ನೇನ್ರಿ?" ಎಂದು ಈರಸಂಗಪ್ಪ ಕೇಳಿದ.

"ಮೆಕ್ಯಾನಿಕನ ಕೈಕಾಲು ಹಿಡದು ಕರಕೊಂಡು ಬಂದಾ. ಎರಡು ತಂತಿ ಅದಲುಬದಲು ಮಾಡೂದು. ಎಲಿ ಅಡಿಕಿ ಹಾಕ್ಕೊಳ್ಳೂವಷ್ಟು ಹೊತ್ತಿನ ಕೆಲಸಾ."

ಈರಸಂಗಪ್ಪ ಕೈಯಲ್ಲಿದ್ದ ಕಾಯನ್ನು ತಿರುವಿ ನೋಡಿದ. ಅವನ ಹಣೆ ಗಂಟಿಕ್ಕಿಕೊಂಡೇ ಇತ್ತು.

"ಅದು ಗಾಡಿ ಮಾತಾತು ಅಪ್ಪಾರ. ಮುಳ್ಳು ತಿರುವಿ ಕುಂತಿತ್ತು, ಸರಿ. ಆದ್ರ ನನ್ನ ಸಿಟ್ಟು ಖರೇನಾ ಹೆಚ್ಚಾಗೈತ್ರಿ. ಇಲ್ಲಿಗೆ ಬರೂ ಮುಂಚೆ ನನ್ನೊಳಗ ಅದು ಇರಲೇ ಇಲ್ಲ. ನನ್ನ ಮನಸು ನನಗ ಗೊತ್ತಿಲ್ಲೇನ್ರಿ?"

ಗುರುಗಳು ಸಿಪ್ಪೆಯನ್ನು ಒತ್ತಟ್ಟಿಗೆ ಬಳಿದು ಹೇಳಿದರು:

"ನೀ ಮಠಕ್ಕ ಕಾಲಿಟ್ಟ ದಿನಾನಾ ಅಡಿಗೀ ಮಾಡಾಂವ ನನ್ನ ಕಡೆ ಓಡಿ ಬಂದು, ಈ ಸಿಟ್ಟಿನ ಮನಷ್ಯಾನ್ನ ಎಲ್ಲಿಂದ ಹಿಡಕೊಂಡು ಬಂದ್ರಿ ಅಪ್ಪಾರ, ಅಂತ ಕೇಳಿದ್ದ."